ಕೊನೆಯ ಫಾರಂ ಮತ್ತು ನನ್ನ ತಂಗಿಯ ಎಡಗಿವಿ

ನನ್ನ ತಂಗಿ ಎರಡು ಸಲ ಗಂಡನ ಮನೆಯಿಂದ ತಪ್ಪಿಸಿಕೊಂಡು ನನ್ನ ಹತ್ತಿರ ಬಂದಳು. ಎರಡು ಸಲವೂ ನಾನು ಅವಳಿಗೆ ಇರು ಅನ್ನಲಿಲ್ಲ. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಹರಿಹರದ ಬಸ್ಸು ಹತ್ತಿಸಿದೆ. ಎರಡನೇ ಸಲ ಕಿಟಕಿಯ ಕೆಳಗೆ ನಿಂತು ಅವಳಿಗೆ ಒಂದು ಕೆಲಸವನ್ನೂ ಹೇಳಿ ಕಳಿಸಿದೆ. ಆ ಕೆಲಸ ಮಾಡಲು ಹೋಗಿ ಅವಳ ಎಡಗಿವಿ ಹೋಯಿತು.

ಮಾನಕ್ಕೆ ಅಂಜಿ ಕಳಿಸಿದೆ, ಅವ್ವನ ಕಾಯಿಲೆಗೆ ಅಂಜಿ ಕಳಿಸಿದೆ, ಓಣಿಯ ಜನ ಏನಂತಾರೋ ಅಂತ ಕಳಿಸಿದೆ ಅಂತ ಕೇಳಿದವರಿಗೆಲ್ಲ ಹೇಳಿದ್ದೇನೆ. ಅವರೂ ತಲೆಯಾಡಿಸಿದ್ದಾರೆ. ಅದು ಸುಳ್ಳು. ಮನೆಯಲ್ಲಿ ಜಾಗ ಇತ್ತು, ಅನ್ನ ಇತ್ತು, ಅವ್ವನಿಗೆ ಅವಳು ಬಂದರೆ ಸಂತೋಷವೇ ಇತ್ತು. ನಾನು ಕಳಿಸಿದ್ದು ಬೇರೆ ಕಾರಣಕ್ಕೆ. ಅದನ್ನು ಬರೆಯಲು ಕೂತಾಗ ಪೆನ್ನು ಹಿಡಿದ ನನ್ನ ಕೈಯನ್ನೇ ನೋಡಲು ಹೇಸಿಗೆಯಾಗುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು, ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಅಡ್ಡರಸ್ತೆ ಆಚೆಗಿರುವ ಬೈಂಡಿಂಗ್ ಅಂಗಡಿಗೆ ಸೇರಿದೆ. ಅಲ್ಲಿ ಐದಾರು ಹೆಂಗಸರು ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತು ಹಾಳೆ ಮಡಚುತ್ತೇವೆ. ಪ್ರೆಸ್ಸಿನಿಂದ ಬರುವ ದೊಡ್ಡ ಹಾಳೆಯ ಎರಡೂ ಮಗ್ಗುಲು ಸೇರಿ ಹದಿನಾರು ಪುಟ ಅಚ್ಚಾಗಿರುತ್ತವೆ. ಅದನ್ನು ಮೂರು ಸಲ ಮಡಚಿ ಬಿದಿರಿನ ಪಟ್ಟಿಯಿಂದ ತೀಡಿದರೆ ಒಂದು ಫಾರಂ. ಅಂಥ ಹತ್ತು ಫಾರಂ ಒಂದರ ಮೇಲೊಂದು ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ ರಟ್ಟು ಕೂರಿಸಿದರೆ ಪುಸ್ತಕ.

ಅಂಟು ಕಾಯಿಸುವುದು ಅಂಗಡಿಯ ಹಿತ್ತಲಲ್ಲಿ. ಮೈದಾ ಹಿಟ್ಟಿಗೆ ಹುಳ ಬೀಳದಿರಲಿ ಅಂತ ಮೈಲುತುತ್ತ ಹಾಕಿ ಕುದಿಸುತ್ತಾರೆ. ಎರಡನೇ ದಿನಕ್ಕೆ ಅದು ಹುಳಿ ಹುಳಿ ನಾರುತ್ತದೆ. ಉಗುರಿನ ಸಂದಿಯಲ್ಲಿ ಸೇರಿಕೊಂಡು ಒಣಗುತ್ತದೆ. ಅನ್ನ ಕಲಸುವಾಗ ಮೂಗಿಗೆ ಬಡಿಯುತ್ತದೆ. ಇಪ್ಪತ್ತು ವರ್ಷ ಆ ವಾಸನೆ ನನಗೆ ಗೊತ್ತೇ ಆಗಿರಲಿಲ್ಲ. ಈಗ ಗೊತ್ತಾಗುತ್ತದೆ, ಸೋಪು ಹಾಕಿ ಮೂರು ಸಲ ತೊಳೆದರೂ ಗೊತ್ತಾಗುತ್ತದೆ.

ವರ್ಷದ ಬಹುಪಾಲು ನಮಗೆ ಬಿಲ್ ಬುಕ್ಕು, ಕಾಲೇಜಿನ ಗೈಡು, ಪಂಚಾಂಗ. ಲೈಬ್ರರಿ ಆರ್ಡರ್ ಬಂದಾಗ ಮಾತ್ರ ಕಾದಂಬರಿ. ಬಂದರೆ ಕಂತೆಕಂತೆಯಾಗಿ ಒಂದೇ ನಮೂನೆಯವು ಬರುತ್ತಿದ್ದವು: ಪ್ರೀತಿ, ಕೊಲೆ, ಮುಚ್ಚಿಟ್ಟ ಗುಟ್ಟು. ಹೊದಿಕೆಯ ಮೇಲೆ ಕೂದಲು ಹಾರಿಸಿಕೊಂಡು ಓಡುವ ಒಬ್ಬ ಹೆಣ್ಣು, ಅವಳ ಹಿಂದೆ ಒಬ್ಬ ಗಂಡಸಿನ ನೆರಳು, ಮೂಲೆಯಲ್ಲೊಂದು ರಕ್ತ ಹತ್ತಿದ ಚಾಕು. ಗೈಡು ಮಡಚುವಾಗ ತೂಕಡಿಸುವ ನಾವು ಆ ವಾರಗಳಲ್ಲಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು.

ನಾವು ಅವನ್ನು ಓದುತ್ತಿದ್ದ ರೀತಿಯನ್ನು ಹೇಳಬೇಕು. ಫಾರಂಗಳು ವರಸೆಯಾಗಿ ಬರುವುದಿಲ್ಲ. ಪ್ರೆಸ್ಸಿನವರಿಗೆ ಯಾವುದು ಅನುಕೂಲವೋ ಅದು ಮೊದಲು ಬರುತ್ತದೆ. ಎಷ್ಟೋ ಸಲ ಹತ್ತನೆಯದು ಬಂದು ವಾರವಾದ ಮೇಲೆ ಮೂರನೆಯದು ಬರುತ್ತಿತ್ತು. ಹಾಗಾಗಿ ಕೊಲೆ ಮಾಡಿದವರು ಯಾರು ಅನ್ನುವುದು ಕೊಲೆ ಆಗುವ ಮೊದಲೇ ನನಗೆ ಗೊತ್ತಿರುತ್ತಿತ್ತು. ಇನ್ನೊಂದು, ಒಂದೇ ಫಾರಂ ಅನ್ನು ಒಬ್ಬಳೇ ಸಾವಿರ ಸಲ ಮಡಚುತ್ತಾಳೆ. ಪ್ರತಿ ಸಲವೂ ಅದೇ ಎರಡು ಪುಟ ಕಣ್ಣಿಗೆ ಬೀಳುತ್ತವೆ. ಒಂದು ಕಾದಂಬರಿಯಲ್ಲಿ ಅವನು ಅವಳ ತೋಳನ್ನು ನೀಲಿಗಟ್ಟುವ ಹಾಗೆ ಹಿಂಡುತ್ತಾನೆ, ಅವಳಿಗೆ ಆ ನೋವಿನಲ್ಲೇ ಏನೋ ಒಂದು ಬಗೆಯ ಸುಖ ಆಗುತ್ತದೆ ಅಂತ ಒಂದು ಸಾಲು ಇತ್ತು. ಆ ಸಾಲನ್ನು ನಾನು ಸಾವಿರ ಸಲ ಓದಿದ್ದೇನೆ. ನನಗೆ ಮದುವೆ ಕೂಡಿಬರಲಿಲ್ಲ. ಗಂಡಸರ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಬಿದಿರಿನ ಪಟ್ಟಿಯ ಕೆಳಗೆ ಕಂಡದ್ದೇ.

ಆ ಕತೆಗಳ ಕಟ್ಟಳೆ ಒಂದೇ. ನಾಯಕ ಮಾತು ಕಮ್ಮಿ, ಸಿಟ್ಟು ಜಾಸ್ತಿ. ಅವನ ಮನೆಯಲ್ಲಿ ಬೀಗ ಹಾಕಿದ ಒಂದು ಕೋಣೆ ಇರುತ್ತದೆ. ನಾಯಕಿಗೆ ಅವನ ಮೇಲೆ ಅನುಮಾನ, ಇವನೇ ಕೊಲೆಗಾರ ಅಂತ. ಏಳನೇ ಫಾರಮಿನಲ್ಲಿ ಅವಳು ಮನೆ ಬಿಟ್ಟು ಓಡುತ್ತಾಳೆ. ಕೊನೆಯ ಫಾರಮಿನಲ್ಲಿ ಕೊಂದವನು ಬೇರೆ ಯಾರೋ ಆಗಿರುತ್ತಾನೆ, ಚಿಕ್ಕಪ್ಪನೋ ಡಾಕ್ಟರೋ. ನಾಯಕ ಒಳ್ಳೆಯವನು. ಆ ಬೀಗದ ಹಿಂದೆ ಇದ್ದದ್ದು ಅವನ ದುಃಖ. ನಾಯಕಿ ಅನುಮಾನಪಟ್ಟಿದ್ದಕ್ಕೆ ಅತ್ತು ಅವನ ಎದೆಗೆ ಒರಗುತ್ತಾಳೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ಕೂಡ ಅವಳ ಅನುಮಾನ ನಿಜವಾದದ್ದು ನಾನು ಮಡಚಿಲ್ಲ.

ಮಸಿ ಹರಡಿದ, ಓರೆಯಾಗಿ ಅಚ್ಚಾದ ಹಾಳೆಗಳನ್ನು ಮನೆಗೆ ತರಲು ನಮಗೆ ಅಡ್ಡಿ ಇರಲಿಲ್ಲ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಪಿಯುಸಿ ಓದಿದವಳು. ಸಂಜೆ ಅವಳು ಜೋರಾಗಿ ಓದುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ಎರಡು, ಐದು, ಎಂಟನೇ ಫಾರಂ ಸಿಕ್ಕಿದ್ದರೆ ನಡುವಿನದನ್ನು ಅವಳೇ ಕಟ್ಟುತ್ತಿದ್ದಳು. ಅವಳ ಲೆಕ್ಕಾಚಾರ ಯಾವಾಗಲೂ ಒಂದೇ.

"ಅವ್ನೇ ಕೊಂದಿರಾದು ಅಕ್ಕ. ಬರೆದುಕೊಡ್ತೀನಿ ಬೇಕಾರೆ."

"ಸುಮ್ನಿರೇ. ಅವ ಎಷ್ಟು ಪ್ರೀತಿ ಮಾಡ್ತಾನೆ ನೋಡು."

"ಪ್ರೀತಿ ಮಾಡಾನು ಬಾಗ್ಲಿಗೆ ಬೀಗ ಯಾಕ ಹಾಕ್ತಾನೆ?"

"ಕೊನೇ ಫಾರಂ ನಾನು ಮಡಚೀನಿ. ಅವ ಕೊಂದಿಲ್ಲ."

"ಹಂಗಾರೆ ಬರೆದೋರಿಗೆ ಬುದ್ಧಿ ಇಲ್ಲ," ಅನ್ನುತ್ತಿದ್ದಳು ತಂಗಿ. ನಾನು ಕೈಯಲ್ಲಿದ್ದ ಹಿಟ್ಟು ಅವಳ ಮೂಗಿಗೆ ಹಚ್ಚುತ್ತಿದ್ದೆ. ಅವ್ವ ಒಳಗಿನಿಂದ, "ಹೆಣ್ಮಕ್ಳು ಮನಿಯಾಗೆ ದಿನಾ ಕೊಲೆ ಸುದ್ದಿ, ಶಿವನೇ," ಅಂತ ಗೊಣಗುತ್ತಿದ್ದಳು.

ಹರಿಹರದ ಸಂಬಂಧ ಬಂದಾಗ ಅಪ್ಪನ ಜಾಗದಲ್ಲಿ ನಿಂತು ಮಾತಾಡಿದವಳು ನಾನೇ. ಹುಡುಗನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಸ್ವಂತ ಮನೆ, ತಂದೆ ತಾಯಿ ಇಲ್ಲ. ಮೊದಲು ಎಲ್ಲೋ ಒಂದು ಕಡೆ ನಿಶ್ಚಯವಾಗಿ ಮುರಿದಿತ್ತಂತೆ, ಯಾಕೆ ಅಂತ ಯಾರೂ ಬಾಯಿ ಬಿಡಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವನು ಅವಲಕ್ಕಿ ಮುಟ್ಟಲಿಲ್ಲ. ಎಲ್ಲರೂ ಮಾತಾಡುತ್ತಿದ್ದರೆ ಅವನು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದ. ಹೊರಗೆ ನೋಡಲು ಪಕ್ಕದ ಮನೆಯ ನೀರಿನ ಟ್ಯಾಂಕು ಬಿಟ್ಟರೆ ಏನೂ ಇರಲಿಲ್ಲ. ಇಂಥವನನ್ನು ನಾನು ಸಾವಿರ ಸಲ ಮಡಚಿದ್ದೆ.

ತಂಗಿ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. "ನಂಗ್ಯಾಕೋ ಸರಿ ಕಾಣ್ತಿಲ್ಲ ಅಕ್ಕ. ಒಂದ್ಸಲನೂ ನಗಲಿಲ್ಲ ನೋಡು."

"ಹಲ್ಲು ಕಿಸಿಯೋರೆಲ್ಲ ಒಳ್ಳೇರೇನು? ಮನಸಿನಾಗೆ ಏನೋ ನೋವೈತೆ ಅವ್ರಿಗೆ."

"ನಿಂಗೆಂಗೆ ಗೊತ್ತು?"

ನನಗೆ ಹೇಗೆ ಗೊತ್ತು ಅಂತ ನಾನು ಹೇಳಲಿಲ್ಲ. ಹೂಂ ಅನ್ನು ಅಂದೆ. ಅವಳು ಅಂದಳು.

ಮದುವೆಯಾಗಿ ಐದನೇ ತಿಂಗಳು, ಒಂದು ಮಧ್ಯಾಹ್ನ ತಂಗಿ ಒಬ್ಬಳೇ ಬಂದಳು. ಚೀಲ ಇರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ, ಇವತ್ತು ಹಿತ್ತಲ ಗೋಡೆ ಹತ್ತಿ ಬಂದೆ ಅಂದಳು. ಫೋನು ಅವನ ಹತ್ತಿರವೇ ಇರುತ್ತದಂತೆ. ಪಕ್ಕದ ಮನೆಯ ಅಮ್ಮನ ಜೊತೆ ಮಾತಾಡಿದ್ದಕ್ಕೆ ಬಚ್ಚಲುಮನೆಯ ನೀರಿನ ಡ್ರಮ್ಮಿನಲ್ಲಿ ಅವಳ ಮುಖ ಅದ್ದಿ ಹಿಡಿದನಂತೆ. ಬಿಟ್ಟ ಮೇಲೆ ಟವೆಲು ತಂದು ತಾನೇ ತಲೆ ಒರೆಸಿದನಂತೆ. ಮಲಗುವ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ, ಅದರ ಕೀಲಿಕೈ ಸ್ನಾನ ಮಾಡುವಾಗಲೂ ಅವರ ಉಡಿದಾರ ಬಿಟ್ಟು ಹೋಗಲ್ಲ ಅಂದಳು.

ಇಷ್ಟೆಲ್ಲ ಹೇಳುವಾಗ ಚಹಾ ಅವಳ ಸೀರೆಯ ಮೇಲೆ ಚೆಲ್ಲಿತು. ನಾನು ಏನು ಕೇಳಿದೆ ಗೊತ್ತೇ? ಉಸಿರು ಕಟ್ಟಿತೇನು ಅಂತ ಕೇಳಲಿಲ್ಲ. ಎಷ್ಟು ದಿನದಿಂದ ಹೀಗೆ ಅಂತ ಕೇಳಲಿಲ್ಲ.

"ಆ ಬೀರುವಿನಾಗೆ ಏನೈತಂತೆ?" ಅಂದೆ.

ತಂಗಿ ಸೆರಗಿನಿಂದ ಚಹಾ ಒರೆಸಿಕೊಂಡಳು. "ನಂಗೆ ಗೊತ್ತಿಲ್ಲ ಅಕ್ಕ," ಅಂದಳು.

ಸಂಜೆ ಐದರ ಬಸ್ಸಿಗೆ ಹತ್ತಿಸಿದೆ. ಹೊಂದಿಕೊಂಡು ಹೋಗು, ಅವರ ಮನಸಿನಲ್ಲಿ ಏನಿದೆ ತಿಳಿದುಕೋ ಅಂದೆ.

ಮಾರನೇ ದಿನ ನಡೆದದ್ದನ್ನು ಬರೆಯುವುದು ಇದಕ್ಕಿಂತ ಕಷ್ಟ. ಅಂಗಡಿಯಲ್ಲಿ ನಾಲ್ಕು ಗಂಟೆಗೆ ಕೈ ತೊಳೆದು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತೇವೆ. ಆ ಹೊತ್ತಿಗೆ ನಾನು ತಂಗಿಯ ಕತೆ ಹೇಳಿದೆ. ದುಃಖ ತೋಡಿಕೊಳ್ಳಲು ಶುರು ಮಾಡಿದೆ ಅಂತಲೇ ಆಗ ಅಂದುಕೊಂಡಿದ್ದೆ. ಆದರೆ ಬಚ್ಚಲುಮನೆಯ ಡ್ರಮ್ಮಿನ ತನಕ ಬಂದಾಗ ಎಲ್ಲರ ಕೈಯೂ ಮಂಡಕ್ಕಿಯ ಮೇಲೆ ನಿಂತುಬಿಟ್ಟಿತ್ತು. ಯಾರೂ ಹಾಗೆ ಬಾಯಿ ತೆರೆದು ನನ್ನ ಮಾತು ಕೇಳಿದ್ದಿಲ್ಲ, ನನ್ನ ಜನ್ಮದಲ್ಲಿ.

"ಮುಂದ?" ಅಂದಳು ಹೊಲಿಗೆ ಹಾಕುವವಳು.

"ಬೀರುವಿನ ಕೀಲಿಕೈ ಉಡಿದಾರದಾಗೆ ಇಟ್ಕಂಡಾನೆ."

"ಅಯ್ಯ! ಏನಿರ್ಬೌದೇ ಅದ್ರಾಗೆ?"

"ಮೊದ್ಲು ನಿಶ್ಚಯ ಆಗಿತ್ತಲ್ಲ, ಆ ಹುಡುಗೀದು ಏನಾರ ಇರ್ಬೌದು," ಅಂದಳು ಇನ್ನೊಬ್ಬಳು. "ಆಕಿ ಈಗ ಎಲ್ಲದಾಳೆ?"

"ಯಾರಿಗೂ ಗೊತ್ತಿಲ್ಲ," ಅಂದೆ ನಾನು. ಧ್ವನಿ ತಗ್ಗಿಸಿ ಅಂದೆ. ಆ ಹುಡುಗಿ ಮದುವೆಯಾಗಿ ರಾಣೇಬೆನ್ನೂರಿನಲ್ಲಿದ್ದಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಅವತ್ತಿನಿಂದ ದಿನಾ ನಾಲ್ಕು ಗಂಟೆಗೆ ನನ್ನ ಸರದಿ. ತಂಗಿ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಅಮ್ಮನ ಫೋನು ಇಸಿದುಕೊಂಡು ಕದ್ದು ಮಾತಾಡಿದಾಗಲೆಲ್ಲ ನನಗೆ ಹೊಸ ಸರಕು ಸಿಗುತ್ತಿತ್ತು. ಸಿಗದ ದಿನ ನಾನೇ ಕಟ್ಟುತ್ತಿದ್ದೆ. ಅವನು ಹೊಳೆಯ ದಂಡೆಯಲ್ಲಿ ಒಬ್ಬನೇ ನಿಂತು ನೀರು ನೋಡುತ್ತಾನೆ ಅಂದೆ. ನಿದ್ದೆಯಲ್ಲಿ ಯಾವುದೋ ಹೆಣ್ಣಿನ ಹೆಸರು ಹೇಳುತ್ತಾನೆ ಅಂದೆ. ಬಾಯಲ್ಲಿ ಎಣ್ಣೆ ಮೆಣಸಿನಕಾಯಿ ಜಗಿಯುತ್ತಾ, ಬೆರಳು ನೆಕ್ಕುತ್ತಾ ಹೇಳಿದೆ.

ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಳು, ಹದಡಿಯಿಂದ ದಿನಾ ಬಸ್ಸಿಗೆ ಬರುವವಳು. ಓದಲು ಬರುತ್ತಿರಲಿಲ್ಲ, ಚಿತ್ರ ನೋಡಿ ಫಾರಮಿನ ತಲೆ ಬುಡ ತಿಳಿಯುತ್ತಿದ್ದಳು. ಒಂದು ದಿನ ಆಕೆ ಎಲೆಯಡಿಕೆ ಉಗಿದು ಬಂದು ನನ್ನ ಮುಂದೆ ನಿಂತಳು.

"ಏ, ನಿನ್ನ ತಂಗಿನೇನೇ ಅದು?"

"ಹೂಂ ಅಜ್ಜಿ."

"ನಿಂದೇ ರಕ್ತ?"

"ಹೂಂ."

"ಮತ್ತೆ ಇಲ್ಲಿ ಕುಂತು ಮಂಡಕ್ಕಿ ತಿಂತೀಯಲ್ಲೇ, ಥೂ! ಹೋಗಿ ಕರ್ಕಂಬಾ ಹುಡುಗೀನ."

ಎಲ್ಲರೂ ನಕ್ಕರು. "ಅಜ್ಜಿಗೆ ಕತಿ ಕೇಳಾಕೇ ಬರಲ್ಲ," ಅಂದಳು ಹೊಲಿಗೆಯವಳು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಎರಡನೇ ಸಲ ತಂಗಿ ಬಂದಾಗ ಕುತ್ತಿಗೆಯ ಮೇಲೆ ಹೆಬ್ಬೆರಳಿನಷ್ಟಗಲ ಕಪ್ಪು ಗುರುತಿತ್ತು. ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅವ್ವ ಕುಕ್ಕುವಾಡದ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಈ ಸಲ ಅವಳು ಅಳಲಿಲ್ಲ. ನೇರವಾಗಿ ಕೇಳಿದಳು.

"ಅಕ್ಕ, ನಾನಿನ್ನ ಅವನ ಮನಿಗೆ ಹೋಗಲ್ಲ. ಇಲ್ಲೇ ಇರ್ತೀನಿ. ಹೂಂ ಅನ್ನು."

ಮೊದಲ ಸಲ 'ಅವರು' ಅಂದಿದ್ದವಳು ಈಗ ಗಂಡನನ್ನು 'ಅವ' ಅನ್ನುತ್ತಿದ್ದಳು. ಅದು ನನ್ನ ಕಿವಿಗೆ ಬಿತ್ತು. ಅದರ ಅರ್ಥವೂ ತಿಳಿಯಿತು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

"ಇಷ್ಟಕ್ಕೇ ಹಿಂಗಂದ್ರೆ ಹೆಂಗೆ? ಎಷ್ಟು ಓದೀಯ ನೀನು. ಹುಡುಗಿ ಓಡಿ ಬರಾದು, ಆಮೇಲೆ ಅವ ಒಳ್ಳೇನು ಅಂತ ತಿಳಿಯಾದು. ಕೊನೇ ಫಾರಂ ತನಕ ತಡಿಬೇಕು."

"ಅಕ್ಕ, ನಿಂಗೆ ತಲೆ ಸರಿ ಐತೇನು?" ಅಂದಳು ತಂಗಿ. ಬೈಗುಳದ ಹಾಗೆ ಅನ್ನಲಿಲ್ಲ. ನಿಜವಾಗಿ ನನ್ನ ಆರೋಗ್ಯ ವಿಚಾರಿಸುವವಳ ಹಾಗೆ ಕೇಳಿದಳು.

ಅಷ್ಟರ ಮೇಲೆ ಅವಳು ಏನೂ ಕೇಳಲಿಲ್ಲ. ಎದ್ದು ಮುಖ ತೊಳೆದಳು. ನಾನು ಬಸ್ ಸ್ಟ್ಯಾಂಡಿನ ತನಕ ಹೋದೆ. ಬಸ್ಸು ಹೊರಡುವ ಮೊದಲು ಕಿಟಕಿಯ ಸರಳು ಹಿಡಿದುಕೊಂಡು ಅವಳಿಗೆ ಹೇಳಿದೆ: "ಹೆಂಗಾರ ಮಾಡಿ ಆ ಕೀಲಿಕೈ ತಗಂಡು ಒಂದ್ಸಲ ಬೀರು ತೆಗೆದು ನೋಡು. ಏನೈತೆ ಅಂತ ಫೋನ್ ಮಾಡು. ಅದ್ರಾಗೇ ಐತೆ ಎಲ್ಲಾ."

ತಂಗಿಗೆ ಅನುಕೂಲವಾಗಲಿ ಅಂತ ಹೇಳಿದೆನೇ? ಇಲ್ಲ. ಮಾರನೇ ದಿನ ನಾಲ್ಕು ಗಂಟೆಗೆ ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ವಾರದಿಂದ ಹೆಂಗಸರು, ಬೀರುವಿನ ಸುದ್ದಿ ಏನಾತು, ಬೀರುವಿನ ಸುದ್ದಿ ಏನಾತು ಅಂತ ನನ್ನ ಜೀವ ತಿನ್ನುತ್ತಿದ್ದರು. ಅವಳು ಮನೆಯಲ್ಲೇ ಉಳಿದುಬಿಟ್ಟರೆ ಕತೆ ಅರ್ಧಕ್ಕೇ ನಿಲ್ಲುತ್ತಿತ್ತು. ಇದೇ ನಾನು ಯಾರಿಗೂ ಹೇಳದ ಕಾರಣ. ನನಗೆ ಮುಂದಿನ ಫಾರಂ ಬೇಕಾಗಿತ್ತು.

ನಾಲ್ಕು ದಿನಕ್ಕೆ ಹರಿಹರದ ಪಕ್ಕದ ಮನೆಯ ಅಮ್ಮ ಫೋನು ಮಾಡಿದಳು. "ಬರ್ರಿ ಬೇಗ. ಆಸ್ಪತ್ರೆಯಾಗೆ ಅದಾಳೆ," ಅಂದಳು. ಹೋಗುವಾಗ ಬಸ್ಸಿನಲ್ಲಿ ಅವ್ವ ಶಿವ ಶಿವ ಅನ್ನುತ್ತಿದ್ದಳು. ನಾನು ಬೀರುವಿನ ಬಗ್ಗೆ ಯೋಚಿಸುತ್ತಿದ್ದೆ. ಆಗಲೂ.

ಅವನು ಸ್ನಾನಕ್ಕೆ ಹೋಗಿದ್ದಾಗ ಉಡಿದಾರ ಕಿತ್ತುಹೋಗಿ ಕೀಲಿಕೈ ಬಚ್ಚಲ ಬಾಗಿಲ ಹೊರಗೆ ಬಿದ್ದಿತ್ತಂತೆ. ತಂಗಿ ಅದನ್ನು ತೆಗೆದುಕೊಂಡು ಬೀರುವಿನ ಬೀಗಕ್ಕೆ ಹಾಕಿದ್ದಳು. ತಿರುವುವ ಮೊದಲೇ ಅವನು ಹಿಂದೆ ಬಂದು ನಿಂತಿದ್ದ. ಒದ್ದೆ ಕೈಯಿಂದ ಕಿವಿಯ ಮೇಲೆ ಹೊಡೆದ. ಒಂದೇ ಏಟಲ್ಲ. ಎಣಿಸಲಿಲ್ಲ ಅಂದಳು ತಂಗಿ. ಕಿವಿಯಿಂದ ಬಂದ ರಕ್ತ ರವಿಕೆಯ ತೋಳಿನ ತನಕ ಇಳಿದು ಒಣಗಿ ಕಂದಾಗಿತ್ತು. ಆ ಬಟ್ಟೆಯನ್ನು ನಾನೇ ಬಿಚ್ಚಿದೆ. ಅದಕ್ಕೂ ಒಂದು ಹುಳಿ ವಾಸನೆ ಇತ್ತು.

ಕಿವಿಯ ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಎಡಗಡೆ ಇನ್ನು ಕೇಳುವುದಿಲ್ಲ ಅಂತ ಕಿವಿ ಡಾಕ್ಟರು ಹೇಳಿದರು. ಅವ್ವ ಗೋಡೆ ಹಿಡಿದು ಕೂತಳು. ಅವತ್ತು ಇರು ಅಂತ ಹೇಳಿದವಳು ಅವ್ವ. ಒಂದೇ ಮಾತು ಹೇಳಿದಳು, "ಸಾಕು, ಮನಿಗೆ ನಡಿ." ಅಷ್ಟು ಸುಲಭದ ಮಾತು ಅದು.

ಕಂಪ್ಲೇಂಟು ಕೊಟ್ಟ ಮೇಲೆ ನಮ್ಮ ಸೋದರಮಾವ, ನಾನು, ಒಬ್ಬ ಪೊಲೀಸಿನವರು ತಂಗಿಯ ಸಾಮಾನು ತರಲು ಹರಿಹರದ ಆ ಮನೆಗೆ ಹೋದೆವು. ಅವನು ಒಂದು ಮಾತೂ ಆಡದೆ ಕೀಲಿಕೈ ತೆಗೆದು ಮಾವನ ಕೈಗೆ ಕೊಟ್ಟ. ಮಾವ ಬೀರು ತೆಗೆಯುವಾಗ ನನ್ನ ಕತ್ತು ತಾನಾಗಿ ಮುಂದಕ್ಕೆ ಚಾಚಿತು. ನನ್ನ ಒಡಹುಟ್ಟಿದವಳ ಕಿವಿ ಹೋದ ಮೇಲೂ ನನ್ನ ಕತ್ತು ಚಾಚಿತು.

ಬೀರುವಿನಲ್ಲಿ ಎರಡು ಹಳೆಯ ಕಂಬಳಿ ಇದ್ದವು. ಪಂಪಿನ ರಬ್ಬರ್ ವಾಷರಿನ ಡಬ್ಬಿಗಳು, ಅಂಗಡಿಯ ಬಿಲ್ ಬುಕ್ಕು, ತಂಗಿಯ ಫೋನು, ಅವಳ ಮಾರ್ಕ್ಸ್ ಕಾರ್ಡು. ನಾವು ಮದುವೆಯಲ್ಲಿ ಕೊಟ್ಟ ಲಾಡುವಿನ ಒಂದು ಪೊಟ್ಟಣ ಬೂಷ್ಟು ಬಂದು, ಇರುವೆ ಮುತ್ತಿ, ಕಲ್ಲಾಗಿತ್ತು. ಹೆಣ ಇರಲಿಲ್ಲ, ಕಾಗದ ಇರಲಿಲ್ಲ, ಯಾರ ಫೋಟೋನೂ ಇರಲಿಲ್ಲ. ಅವನಿಗೆ ಯಾವ ದುಃಖವೂ ಇರಲಿಲ್ಲ. ಅವನು ಹೊಡೆಯುವ ಗಂಡಸು, ಅಷ್ಟೇ. ಅದನ್ನು ತಂಗಿ ಮೊದಲ ದಿನ ಅಡುಗೆಮನೆಯಲ್ಲೇ ಹೇಳಿದ್ದಳು.

ವಾರದ ನಂತರ ಕೆಲಸಕ್ಕೆ ಹೋದಾಗ ಹೆಂಗಸರು ಪಾಪ ಪಾಪ ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೊಲಿಗೆಯವಳು ತಡೆಯಲಾರದೆ ಕೇಳಿದಳು. "ಕೊನಿಗೆ ಏನಿತ್ತೇ ಅದ್ರಾಗೆ?"

"ಕಂಬಳಿ," ಅಂದೆ.

"ಅಷ್ಟೇನಾ?" ಅಂದಳು. ಮುಖ ಸಪ್ಪೆಯಾಯಿತು ಅವಳದು. ನನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಯಿತು. ಎದ್ದು ಹಿತ್ತಲಿಗೆ ಹೋಗಿ ಅಂಟಿನ ಬಾನಿಯ ಪಕ್ಕ ವಾಂತಿ ಮಾಡಿದೆ. ಹದಡಿಯ ಅಜ್ಜಿ ಚೊಂಬಿನಲ್ಲಿ ನೀರು ತಂದು ಇಟ್ಟು ಹೋದಳು. ನನ್ನ ಬೆನ್ನು ಮುಟ್ಟಲಿಲ್ಲ.

ಈಗಲೂ ಅಲ್ಲೇ ಕೆಲಸ ಮಾಡುತ್ತೇನೆ, ಬೇರೆ ಕೆಲಸ ಬರುವುದಿಲ್ಲ. ಕಾದಂಬರಿ ಬಂದರೆ ಹಾಳೆಯನ್ನು ತಲೆಕೆಳಗು ಇಟ್ಟುಕೊಂಡು ಮಡಚುತ್ತೇನೆ, ಓದಲಾಗದ ಹಾಗೆ. ಆದರೂ ಒಂದೆರಡು ಪದ ಕಣ್ಣಿಗೆ ಬೀಳುತ್ತವೆ. ಅವನ ಬಲಿಷ್ಠ ಕೈ, ಅವಳ ನಡುಗುವ ತುಟಿ. ಹೇಲು ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬರುತ್ತದೆ. ಬರೆದವರನ್ನು ಬೈದು ಹಗುರಾಗೋಣ ಅಂತ ಎಷ್ಟೋ ಸಲ ನೋಡಿದ್ದೇನೆ. ಅವರೇನು ನನ್ನ ತಂಗಿಯನ್ನು ಬಸ್ಸು ಹತ್ತಿಸಲಿಲ್ಲ. ಅದೇ ಹಾಳೆಗಳನ್ನು ಅವಳೂ ಓದಿದ್ದಳು, ಓದಿ ಅವನೇ ಕೊಂದಿದ್ದು ಅಂತ ಹೇಳುತ್ತಿದ್ದಳು.

ತಂಗಿ ಮನೆಯಲ್ಲಿದ್ದಾಳೆ. ಸೀರೆಗೆ ಫಾಲ್ಸು ಹಚ್ಚುತ್ತಾಳೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ತಲೆಯನ್ನು ಪೂರ್ತಿ ತಿರುಗಿಸುತ್ತಾಳೆ, ಹಕ್ಕಿಯ ಹಾಗೆ. ರಸ್ತೆ ದಾಟುವಾಗ ಆಟೋದ ಹಾರ್ನ್ ಯಾವ ಕಡೆಯಿಂದ ಬಂತು ಅಂತ ತಿಳಿಯದೆ ನಡುವೆ ನಿಂತುಬಿಡುತ್ತಾಳೆ. ನನ್ನ ಜೊತೆ ಜಗಳ ಆಡಿಲ್ಲ. ಒಂದು ಸಲವೂ ಕೀಲಿಕೈಯ ಮಾತು ತೆಗೆದಿಲ್ಲ. ಅವ್ವನಿಗೂ ಹೇಳಿಲ್ಲ. ಅದು ನನ್ನನ್ನು ದಿನಾ ತಿನ್ನುತ್ತದೆ.

ನಮ್ಮ ಮನೆಯಲ್ಲಿ ತಪ್ಪಾಯಿತು ಅನ್ನುವ ವಾಡಿಕೆ ಇಲ್ಲ. ಜಗಳವಾದರೆ ಮಾರನೇ ದಿನ ಅವರ ತಟ್ಟೆಗೆ ಒಂದು ಚಮಚ ತುಪ್ಪ ಜಾಸ್ತಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಾನೂ ಹಾಗೆಯೇ ಮಾಡಿದೆ. ಅವಳ ಬಟ್ಟೆ ಒಗೆದೆ, ತಲೆಗೆ ಎಣ್ಣೆ ಹಚ್ಚಿದೆ, ಹೋಳಿಗೆ ಮಾಡಿದೆ. ತಿಂದಳು. ಚೆನ್ನಾಗಿದೆ ಅಂದಳು. ನನಗೆ ಅದು ಮೋಸ ಅನ್ನಿಸಿತು.

ಆಮೇಲೆ ಇನ್ನೊಂದು ಚಟ ಶುರುವಾಯಿತು. ಅವಳು ಹೊಲಿಯುತ್ತಾ ಕೂತಾಗ ನಾನು ಅವಳ ಎಡಗಡೆ ಹೋಗಿ ಕೂತು, ಕಡಲೆಕಾಯಿ ಬಿಡಿಸುತ್ತಲೋ ಅವರೆ ಸುಲಿಯುತ್ತಲೋ, ಮೆಲ್ಲಗೆ ಹೇಳುತ್ತಿದ್ದೆ. ತಪ್ಪಾತು, ತಪ್ಪಾತು ನಂದು. ಆ ಕಿವಿಗೆ ಕೇಳುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೆ. ಎರಡು ತಿಂಗಳು ಹಾಗೆ ಹೇಳಿದೆ. ಹೇಳಿ ಎದ್ದಾಗ ಒಂಚೂರು ಹಗುರ ಅನ್ನಿಸುತ್ತಿತ್ತು, ತಟ್ಟೆ ತೊಳೆದಿಟ್ಟ ಹಾಗೆ. ನಾನು ಕೆಡಿಸಿದ ಕಿವಿಯನ್ನೇ ನನ್ನ ಅನುಕೂಲಕ್ಕೆ ಬಳಸಿಕೊಂಡೆ.

ಹೋದ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಅವ್ವ ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದಳು. ಎದುರು ಮನೆಯವಳು ರಂಗೋಲಿಯ ಹತ್ತಿರ ನಿಂತು ಅವ್ವನ ಜೊತೆ ಏನೋ ಮಾತಾಡುತ್ತಿದ್ದಳು. ನಾನು ಎಂದಿನಂತೆ ತಂಗಿಯ ಎಡಗಡೆ ಕೂತು ಶುರು ಮಾಡಿದೆ. ತಂಗಿ ಸೂಜಿಯಿಂದ ಕಣ್ಣು ಎತ್ತಲಿಲ್ಲ.

"ಅಕ್ಕ, ಆ ಕಡೆ ಕುಂತು ದಿನಾ ಏನು ಗೊಣಗ್ತೀಯ?"

ನನ್ನ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು. "ಏನಿಲ್ಲ."

"ಕೇಳ್ಸಲ್ಲ ಅಂತ ಅಲ್ಲೇ ಕುಂಡ್ರುತೀಯ. ಎದುರಿಗೆ ನಮ್ಮ ಬೀರುವಿನ ಕನ್ನಡಿ ಐತೆ, ನಿನ್ನ ತುಟಿ ಆಡಾದು ಕಾಣ್ತೈತೆ ನಂಗೆ."

ಅವಳು ಹಲ್ಲಿನಿಂದ ದಾರ ಕಡಿದು, ಸೀರೆಯನ್ನು ಪಕ್ಕಕ್ಕಿಟ್ಟು, ಬಲಗಡೆಯ ಚಾಪೆ ತಟ್ಟಿದಳು.

"ಈ ಕಡೆ ಬಾ. ಹೇಳಾದಿದ್ರೆ ಜೋರಾಗಿ ಹೇಳು. ಅವ್ವಂಗೂ ಕೇಳ್ಸಲಿ."

ಎದ್ದು ಹೋಗಿ ಅವಳ ಬಲಗಡೆ ಕೂತೆ. ಬಾಗಿಲಲ್ಲಿ ಮಾತು ನಿಂತಿತು. ಎದುರು ಮನೆಯವಳು ಹೋಗಲಿ ಅಂತ ಕಾಯೋಣ ಅನ್ನಿಸಿತು. ಕಾಯಲಿಲ್ಲ. ಅಂಟಿನ ವಾಸನೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಆ ಕೀಲಿಕೈ ತಗಂಡು ಬೀರು ತೆಗಿ ಅಂತ ಹೇಳ್ದಾಕಿ ನಾನು. ನೀನು ಹೆದರ್ಕಂಡು ಬಂದ್ರೆ ನಂಗೆ ಕತಿ ಬೇಕಾಗಿತ್ತು. ನಿನ್ನ ನೋವು ತಗಂಡೋಗಿ ಅಂಗಡಿಯಾಗೆ ಮಂಡಕ್ಕಿ ಜೊತೆ ಹಂಚಿ ತಿಂದೆ. ಮುಂದೇನಾಗ್ತದೆ ನೋಡಾನ ಅಂತ ನಿನ್ನ ವಾಪಸ್ ಕಳ್ಸಿದೆ. ಎರಡು ಸಲ ಕಳ್ಸಿದೆ. ಅವ ಕೈ ಎತ್ತಿದ, ಆ ಕೈಯ ಮುಂದಕ್ಕೆ ನಿನ್ನ ನೂಕಿದಾಕಿ ನಾನು. ತಪ್ಪಾತು ತಂಗಿ. ನಂದು ತಪ್ಪಾತು."